ನಾವು ಸಹಿ ಹಾಕಿದ ಕಾಗದ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಅಲ್ಲಲ್ಲಿ ತಿದ್ದಿ ಬರೆದು ಕೊಟ್ಟಿದ್ದೇವೆ.)

ನಮ್ಮನ್ನು ಇಲ್ಲಿಗೆ ಕರೆದವರು ಒಂದೆರಡು ಪದ್ಯ ಓದಿ ಹೋಗಿ ಅಂದಿದ್ದರು. ಪದ್ಯ ಇನ್ನೊಂದು ದಿನ ಇದ್ದೇ ಇದೆ. ಇವತ್ತು ಒಂದು ಕಾಗದದ ವಿಷಯ ಹೇಳುತ್ತೇವೆ. ಆ ಕಾಗದ ಬರೆದವರು ಬೇರೆಯವರು. ಕೆಳಗೆ ಸಹಿ ಹಾಕಿದವರು ನಾವು ನಾಲ್ಕು ಜನ. ಆ ಸಹಿಯಿಂದ ಒಬ್ಬ ಹೆಂಗಸು ಏಳು ವರ್ಷ ಕೆಲಸವಿಲ್ಲದೆ ಅಲೆದಳು. ಕೊನೆಗೆ ಕೋರ್ಟು ಅವಳನ್ನು ವಾಪಸು ಕೆಲಸಕ್ಕೆ ಹಾಕಿಸಿತು. ಇದನ್ನು ಗೆಲುವಿನ ಕಥೆ ಅಂತ ಹೇಳಿ ಚಪ್ಪಾಳೆ ಗಿಟ್ಟಿಸಬಹುದು. ಆದರೆ ನಮ್ಮ ತಪ್ಪಿನಿಂದಲೇ ಶುರು ಮಾಡುವುದು ಒಳ್ಳೆಯದು.

2016ರಲ್ಲಿ ನಾವು ಪಿಯುಸಿ ಓದುತ್ತಿದ್ದೆವು. ಹಾಸ್ಟೆಲು ಒಂದು ಸಂಸ್ಥೆಯದು, ಸರಕಾರದ ಅನುದಾನದಲ್ಲಿ ನಡೆಯುವುದು. ಊರಿನ ಹೆಸರು, ಸಂಸ್ಥೆಯ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು, ಓ ಅದು ಆ ಊರಿನ ಜಗಳ, ನಮ್ಮ ಹಾಸ್ಟೆಲು ಹಾಗಲ್ಲ ಅಂತ ಎದ್ದು ಹೋಗುತ್ತೀರಿ.

ಅಲ್ಲಿ ಅಡುಗೆಮನೆಗೆ ಒಬ್ಬ ಅಡುಗೆಯವನಿದ್ದ. ಅವನ ಕೈಕೆಳಗೆ ಸಹಾಯಕಿಯಾಗಿ ನಮ್ಮ ಕೇರಿಯ ಒಬ್ಬ ಅವ್ವ ಇದ್ದಳು. ಎಲ್ಲ ಹುಡುಗರೂ ಅವಳನ್ನು ಅವ್ವ ಅಂತಲೇ ಕರೆಯುತ್ತಿದ್ದುದು. ಈರುಳ್ಳಿ ಹೆಚ್ಚುವುದು, ರಾಗಿ ಕೇರುವುದು, ಹಂಡೆ ಡಬರಿ ಉಜ್ಜುವುದು, ನೂರ ನಲವತ್ತು ತಟ್ಟೆ ಬಿದ್ದ ಜಾಗ ಗುಡಿಸಿ ಸಾರಿಸುವುದು, ಎಲ್ಲ ಅವಳದೇ. ಒಲೆಯ ಹತ್ತಿರ ಮಾತ್ರ ಹೋಗುವ ಹಾಗಿಲ್ಲ. ಅಡುಗೆಯವನು ಮೇಲ್ಜಾತಿಯವನು. ಉಣ್ಣುವವರು ಬಹುಪಾಲು ನಾವೇ, ನಮ್ಮವರೇ. ಆದರೂ ಸೌಟು ಅವ್ವನ ಕೈಗೆ ಬರಬಾರದು. ಇದು ನಮಗೆ ಆಗ ವಿಚಿತ್ರ ಅನ್ನಿಸಲಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇವೆ.

ಆ ಅಡುಗೆಯವನು ಒಂದು ದಿನ ಬೆಂಗಳೂರಿಗೆ ಹೋದವನು ವಾಪಸು ಬರಲಿಲ್ಲ. ವಾರ್ಡನ್ ಬಂದು, ‘ನಾಳೆಯಿಂದ ನೀನೇ ಮಾಡು, ಬೇರೆಯವರು ಸಿಗೋ ತನಕ’ ಅಂದರು. ಬೇರೆಯವರು ಸಿಗಲಿಲ್ಲ, ಹುಡುಕಲೂ ಇಲ್ಲ. ಒಂದೂವರೆ ವರ್ಷ ಅವ್ವನೇ ಮುದ್ದೆ ತಿರುವಿದಳು, ಸಾರು ಕಾಸಿದಳು. ಹಳೇ ಕೆಲಸವೂ ಅವಳದೇ. ಸೌಟು ಕೈಗೆ ಬಂತು, ಸೌಟಿನ ಸಂಬಳ ಬರಲಿಲ್ಲ. ಅವಳು ಅದನ್ನು ಕೇಳಿದಳು. ಕೂಗಾಡಲಿಲ್ಲ. ಕಾರ್ಯದರ್ಶಿಗಳು ಹಾಸ್ಟೆಲಿಗೆ ಬಂದಾಗ, ಊಟ ಬಡಿಸಿ, ಕೈ ಒರೆಸಿಕೊಂಡು ನಿಂತು, ‘ಅಡುಗೆಯವ್ರ ಸಂಬಳ ಕೊಡ್ಸಿ ಸ್ವಾಮಿ’ ಅಂದಳು.

ಒಂದು ವಾರಕ್ಕೆ ಸರಿಯಾಗಿ ಉಗ್ರಾಣದಲ್ಲಿ ಇಪ್ಪತ್ತು ಕಿಲೋ ಅಕ್ಕಿ ಕಮ್ಮಿ ಬಂತು.

ನಮ್ಮ ನಾಲ್ವರನ್ನು ಆಫೀಸಿಗೆ ಕರೆದರು. ಮೇಜಿನ ಮೇಲೆ ನಮ್ಮ ವಿದ್ಯಾರ್ಥಿವೇತನದ ಅರ್ಜಿಗಳಿದ್ದವು, ವಾರ್ಡನ್ ಸಹಿಗೆ ಕಾದು. ಪಕ್ಕದಲ್ಲಿ ಬರೆದಿಟ್ಟ ಒಂದು ಕಾಗದ. ‘ಇದಕ್ಕೊಂದು ಸಹಿ ಹಾಕ್ರೋ’ ಅಂದರು. ಹಾಕಿದೆವು. ಓದಲಿಲ್ಲ ಅಂತ ಬಹಳ ದಿನ ಹೇಳಿಕೊಂಡು ತಿರುಗಿದೆವು. ಅದು ಪೂರ್ತಿ ನಿಜವಲ್ಲ. ನಮ್ಮಲ್ಲೊಬ್ಬ ಓದಿದ. ಅಡುಗೆ ಸಹಾಯಕಿ ಸೆರಗಿನಲ್ಲಿ ಅಕ್ಕಿ ಕಟ್ಟಿಕೊಂಡು ಹೋಗುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ ಅಂತ ಬರೆದಿತ್ತು. ಓದಿಯೂ ಹಾಕಿದ. ಅವನ ಅಪ್ಪ ಕಾರ್ಯದರ್ಶಿಗಳ ತೋಟದಲ್ಲಿ ಕೆಲಸಕ್ಕಿದ್ದ.

ಮಾರನೇ ಬೆಳಿಗ್ಗೆ ಅಡುಗೆಮನೆಯಲ್ಲಿ ಅವ್ವ ಇಲ್ಲ. ‘ನಾಳೆಯಿಂದ ಬರಬೇಡ’ ಅಂದದ್ದೇ ಅವಳ ವಜಾ. ನೋಟೀಸಿಲ್ಲ, ವಿಚಾರಣೆಯಿಲ್ಲ, ಒಂದು ಸಾಲಿನ ಆದೇಶವೂ ಇಲ್ಲ. ಒಂಬತ್ತು ವರ್ಷದ ದುಡಿಮೆ ಬಾಯಿಮಾತಿನಲ್ಲಿ ಹೋಯಿತು. ಹಬ್ಬಕ್ಕೆ ಊರಿಗೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಮುಖ ತಪ್ಪಿಸಿ ಹೋಗೋಣ ಅಂದುಕೊಂಡೆವು. ಅವಳೇ ಬಂದು ಕೇಳಿದಳು: ‘ನೀವೇ ಬರ್ದು ಕೊಟ್ರಂತೆ, ನಿಜವಾ ಮಗಾ?’

ನಾವು ನೆಲ ನೋಡಿದೆವು.

‘ನಾನು ಅಕ್ಕಿ ಕದ್ದಿದ್ರೆ ನನ್ನ ಮಕ್ಳು ಯಾಕ್ ಹಿಂಗವೆ ಮಗಾ?’ ಅಂದಳು. ಅಷ್ಟೇ. ಬಯ್ಯಲಿಲ್ಲ. ಬಯ್ದಿದ್ದರೆ ನಾವು ಇವತ್ತು ಇಲ್ಲಿ ನಿಂತು ಮಾತಾಡುತ್ತಿದ್ದೆವೋ ಇಲ್ಲವೋ.

ಗೆಳೆಯರೆ, ಇಷ್ಟು ನಮ್ಮ ಕಥೆ. ಈಗ ಕಾನೂನಿನ ಕಥೆ ಸ್ವಲ್ಪ ಕೇಳಬೇಕು. ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಅಪ್ಪ ಅವ್ವಂದಿರನ್ನು ಕೆಲಸದಿಂದ ತೆಗೆಯುವವರಿಗೆ ಇದೆಲ್ಲ ಬಾಯಿಪಾಠವಿದೆ. ನಮಗೆ ಪ್ರಾಚೀನ ಕಾವ್ಯದ ಛಂದಸ್ಸು ಬಾಯಿಪಾಠವಿದೆ.

ಹಳೇ ಕಾನೂನಿನ ಪ್ರಕಾರ ಆಳಿಗೂ ಒಡೆಯನಿಗೂ ನಡುವೆ ಇರುವುದು ಒಂದು ಕರಾರು. ಒಡೆಯ ಅದನ್ನು ಮುರಿದರೆ ಆಳು ನಷ್ಟ ಕೇಳಬಹುದು. ಆದರೆ ಬೇಡವಾದ ಆಳನ್ನು ಇಟ್ಟುಕೋ ಅಂತ ಒಡೆಯನ ತಲೆಗೆ ಕಟ್ಟುವ ಹಾಗಿಲ್ಲ. ಇದು ಇಂಗ್ಲೆಂಡಿನಿಂದ ಬಂದ ನ್ಯಾಯ. ನಮ್ಮ ಹಳ್ಳಿಯ ಯಜಮಾನರಿಗೆ ಇಂಗ್ಲಿಷ್ ಬಾರದಿದ್ದರೂ ಈ ನ್ಯಾಯ ಮಾತ್ರ ಚೆನ್ನಾಗಿ ಗೊತ್ತಿತ್ತು. ಇದನ್ನು ಮುರಿದದ್ದು ಕೈಗಾರಿಕಾ ವಿವಾದಗಳ ಕಾಯಿದೆ, 1947ರದು. ಕೆಲಸಗಾರನನ್ನು ವಾಪಸು ಸೇರಿಸಿಕೋ ಅಂತ ಹೇಳುವ ಅಧಿಕಾರ ನ್ಯಾಯಮಂಡಳಿಗೆ ಇದೆಯೇ ಅಂತ ಮಾಲೀಕರು ಫೆಡರಲ್ ಕೋರ್ಟಿನ ತನಕ ಹೋದರು. ಇದೆ ಅಂತ ಆ ಕೋರ್ಟು 1949ರಲ್ಲಿ, ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ ಮೊಕದ್ದಮೆಯಲ್ಲಿ ಹೇಳಿತು. ಬೇಡ ಅಂದ ಮನೆಗೇ ನ್ಯಾಯಾಲಯ ಕೈ ಹಿಡಿದು ಕರೆದುಕೊಂಡು ಹೋಗಿ ಒಳಗೆ ಬಿಡಬಹುದು ಅಂತಾಯಿತು. ಜೀತದ ನೆನಪಿರುವ ಜನಕ್ಕೆ ಇದು ಸಣ್ಣ ಮಾತಲ್ಲ.

ಆದರೂ ಒಬ್ಬಂಟಿ ಕೆಲಸಗಾರನ ವಜಾ 1965ರ ತನಕ ತಾನಾಗಿಯೇ ‘ವಿವಾದ’ ಆಗುತ್ತಿರಲಿಲ್ಲ. ಸಂಘವೋ ಜೊತೆಯ ಕೆಲಸಗಾರರೋ ಎತ್ತಿಕೊಳ್ಳಬೇಕಿತ್ತು. ಅಡುಗೆಮನೆಯ ಒಂಟಿ ಹೆಂಗಸಿಗೆ ಎಲ್ಲಿಯ ಸಂಘ? ಆ ವರ್ಷ 2ಎ ಕಲಮು ಸೇರಿಸಿದರು. 1971ರಲ್ಲಿ 11ಎ ಬಂತು. ಅಲ್ಲಿಯ ತನಕ ಮಾಲೀಕ ನೆಟ್ಟಗೆ ವಿಚಾರಣೆ ನಡೆಸಿದ್ದಾನೆ ಅಂದರೆ ನ್ಯಾಯಾಲಯ ಸುಮ್ಮನಾಗಬೇಕಿತ್ತು. 11ಎ ಬಂದ ಮೇಲೆ ಸಾಕ್ಷ್ಯವನ್ನು ತಾನೇ ತೂಗಿ ನೋಡಬಹುದು, ಶಿಕ್ಷೆ ಹೆಚ್ಚಾಯಿತು ಅನ್ನಿಸಿದರೆ ವಜಾ ರದ್ದು ಮಾಡಿ ಕೆಲಸ ಕೊಡಿಸಬಹುದು. ಸರಕಾರ ಕಡತ ಕಳಿಸುವ ತನಕ ಕಾಯದೆ ವಜಾ ಆದವನು ಆರು ತಿಂಗಳೊಳಗೆ ತಾನೇ ಲೇಬರ್ ಕೋರ್ಟಿಗೆ ಹೋಗಬಹುದು ಅಂತ ಕರ್ನಾಟಕ 1988ರಲ್ಲಿ ತಿದ್ದುಪಡಿ ಮಾಡಿಕೊಂಡಿತು.

ಆ ಆರು ತಿಂಗಳಲ್ಲಿ ಐದು ತಿಂಗಳು ಅವ್ವ ಕಾರ್ಯದರ್ಶಿಗಳ ಮನೆ ಬಾಗಿಲಿಗೆ ತಿರುಗಿದ್ದಳು. ಅವರು ‘ನೋಡೋಣ’ ಅನ್ನುತ್ತಿದ್ದರು. ಒಡೆಯರ ಬಾಯಲ್ಲಿ ‘ನೋಡೋಣ’ ಅನ್ನುವುದು ಗಡಿಯಾರದ ಮಾತು. ನಿಮ್ಮ ವಾಯಿದೆ ಮುಗಿಯಲಿ ಅಂತ. ನಮ್ಮ ಸಂಘಟನೆಯ ಒಬ್ಬ ವಕೀಲರಿಗೆ ವಿಷಯ ಗೊತ್ತಾಗಿ, ಇನ್ನು ಹತ್ತೊಂಬತ್ತು ದಿನ ಇದೆ ಅನ್ನುವಾಗ ಅರ್ಜಿ ಬಿತ್ತು.

ಸಂಸ್ಥೆಯವರ ಉತ್ತರ ಬಂತು. ಅದರಲ್ಲಿ ಮೂರು ಮಾತು. ಒಂದು, ನಾವು ತೆಗೆದೇ ಇಲ್ಲ, ಅವಳೇ ಬಿಟ್ಟು ಹೋದಳು. ಇನ್ನೊಂದು, ಅವಳು ಕಳ್ಳಿ. ತೆಗೆಯದೇ ಇದ್ದವಳು ಕಳ್ಳಿ ಹೇಗಾದಳು ಅಂತ ಕೇಳಬೇಡಿ. ಇಂಥ ಉತ್ತರಗಳಲ್ಲಿ ಎರಡೂ ಅಕ್ಕಪಕ್ಕದ ಸಾಲಿನಲ್ಲಿ ಆರಾಮಾಗಿ ಕೂತಿರುತ್ತವೆ. ಮೂರನೆಯದು, ನಮ್ಮದು ಸೇವೆ, ಉದ್ಯಮವಲ್ಲ, ಈ ಕಾಯಿದೆಯೇ ನಮಗೆ ತಗುಲುವುದಿಲ್ಲ.

ಈ ಮೂರನೆಯದಕ್ಕೆ ಉತ್ತರ ನಮ್ಮ ಬೆಂಗಳೂರಿನಲ್ಲೇ ಹುಟ್ಟಿತ್ತು. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕೆಲವು ನೌಕರರಿಗೆ ದಂಡ ಹಾಕಿ ಹಣ ವಸೂಲು ಮಾಡಿತ್ತು. ಅವರು ಲೇಬರ್ ಕೋರ್ಟಿಗೆ ಹೋದರು. ಮಂಡಳಿ, ನಾವು ಉದ್ಯಮವೇ ಅಲ್ಲ ಅಂದಿತು. ಅದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದ ತನಕ ಹೋಗಿ, 1978ರ ಫೆಬ್ರವರಿ 21ರಂದು ತೀರ್ಪಾಯಿತು. ಮುಖ್ಯ ತೀರ್ಪು ಬರೆದವರು ಕೃಷ್ಣ ಅಯ್ಯರ್. ಲಾಭ ಇದೆಯೋ ಇಲ್ಲವೋ ಅದು ಮುಖ್ಯವಲ್ಲ, ದುಡಿಸುವವರು ದುಡಿಯುವವರು ಸೇರಿ ಜನರಿಗೆ ಬೇಕಾದ ವಸ್ತುವನ್ನೋ ಸೇವೆಯನ್ನೋ ಕ್ರಮವಾಗಿ ಒದಗಿಸುತ್ತಿದ್ದರೆ ಅದು ಉದ್ಯಮ ಅನ್ನುವುದು ಅದರ ತಿರುಳು. ಆಸ್ಪತ್ರೆ, ಶಾಲೆ, ಧರ್ಮಸಂಸ್ಥೆ ಎಲ್ಲದರ ಬಾಗಿಲೂ ಅವತ್ತು ತೆರೆಯಿತು. ಕೊಳಾಯಿ ನೀರಿನವರ ಒಂದು ದಂಡದ ಮೊಕದ್ದಮೆ ನಮ್ಮ ಅವ್ವನ ಒಲೆಯ ತನಕ ಬಂತು ನೋಡಿ. ಧರ್ಮ ಮಾಡುವವರು ತಮ್ಮ ಧರ್ಮವನ್ನು ತಮ್ಮ ದುಡ್ಡಿನಿಂದ ಮಾಡಬೇಕು. ಪಾತ್ರೆ ತೊಳೆಯುವವಳ ಸಂಬಳದಿಂದಲ್ಲ.

ಆಮೇಲೆ ಇನ್ನೂರ ನಲವತ್ತು ದಿನದ ಲೆಕ್ಕ. ಒಂದು ವರ್ಷದ ಅವಧಿಯಲ್ಲಿ ಅಷ್ಟು ದಿನ ದುಡಿದಿದ್ದರೆ, ಒಂದು ತಿಂಗಳ ನೋಟೀಸು ಅಥವಾ ಅದರ ಸಂಬಳ ಕೊಟ್ಟು, ವರ್ಷಕ್ಕೆ ಹದಿನೈದು ದಿನದ ಸಂಬಳದ ಹಾಗೆ ಪರಿಹಾರ ಕೊಡದೆ ಕೆಲಸ ಕಡಿಮೆ ಮಾಡಿದೆವು ಅನ್ನುವ ಹಾಗಿಲ್ಲ. ಆದರೆ ದುಡಿದೆ ಅಂತ ತೋರಿಸಬೇಕಾದವಳು ಅವ್ವ. ಹಾಜರಿ ಪುಸ್ತಕ ಇರುವುದು ಅವರ ಕಪಾಟಿನಲ್ಲಿ. ಕರ್ನಾಟಕದ ಒಬ್ಬ ದಿನಗೂಲಿ ಕೆಲಸಗಾರನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2005ರಲ್ಲಿ ಇದನ್ನೇ ಹೇಳಿತ್ತು: ದುಡಿದದ್ದನ್ನು ತೋರಿಸುವ ಭಾರ ಕೆಲಸಗಾರನ ಮೇಲೆಯೇ ಇದೆ, ಬರೀ ಪ್ರಮಾಣ ಮಾಡಿದರೆ ಸಾಲದು, ಹಾಜರಿ ಪುಸ್ತಕ ತರಿಸಿ ಅಂತ ಕೇಳಬೇಕು. ಆ ಕೆಲಸಗಾರನ ಹತ್ತಿರ ಅಧಿಕಾರಿ ಕೊಟ್ಟ ಒಂದು ದೃಢೀಕರಣ ಪತ್ರವಿತ್ತು. ಅದು ಅವನನ್ನು ಕಾಪಾಡಿತು. ಅವ್ವನ ಹತ್ತಿರ ಏನಿತ್ತು? ತರಕಾರಿ ಅಂಗಡಿಯ ಚೀಟಿಗಳಿದ್ದವು. ದಿನಾ ತರಕಾರಿ ಇಳಿಸಿಕೊಂಡದ್ದಕ್ಕೆ ಅಂಗಡಿಯವನು ಅವಳಿಂದ ಗೀಚಿಸಿಕೊಂಡು ಒಂದು ಪ್ರತಿ ಕೊಡುತ್ತಿದ್ದ. ಒಲೆ ಹೊತ್ತಿಸಲು ಆದೀತು ಅಂತ ಒಂದು ಹಿಟ್ಟಿನ ಚೀಲದಲ್ಲಿ ತುಂಬಿಟ್ಟಿದ್ದಳು. ಆ ಚೀಲ ಕೋರ್ಟಿಗೆ ಹೋಯಿತು. ಹಾಜರಿ ಪುಸ್ತಕ ಮಾತ್ರ ಬರಲಿಲ್ಲ. ಗೆದ್ದಲು ತಿಂದಿತು ಅಂದರು.

ಇನ್ನು ಉಳಿದದ್ದು ನಮ್ಮ ಕಾಗದ.

ಗೆಳೆಯರೆ, ಕಳ್ಳತನದ ಹೆಸರನ್ನೇ ಯಾಕೆ ಹುಡುಕುತ್ತಾರೆ ಅಂತ ಯೋಚಿಸಿದ್ದೀರಾ? ಕೆಲಸಕ್ಕೆ ತಡವಾಗಿ ಬಂದ, ಎದುರು ಮಾತಾಡಿದ ಅಂದರೆ ನ್ಯಾಯಾಲಯ ಶಿಕ್ಷೆ ಕಡಿಮೆ ಮಾಡಿಸಬಹುದು. ಕಳವು, ಮೋಸ ಅಂದರೆ ಹಾಗಲ್ಲ. ಕಡಿಮೆ ಬೆಲೆಯ ಟಿಕೇಟು ಕೊಟ್ಟ ಒಬ್ಬ ಬಸ್ ಕಂಡಕ್ಟರನ ವಿಷಯದಲ್ಲಿ, ನಮ್ಮ ರಾಜ್ಯ ರಸ್ತೆ ಸಾರಿಗೆ ನಿಗಮದ್ದೇ ಮೊಕದ್ದಮೆ, ಕೆಳಗೆ ಸಿಕ್ಕ ಮರುನೇಮಕವನ್ನು ಸುಪ್ರೀಂ ಕೋರ್ಟು 2001ರಲ್ಲಿ ರದ್ದು ಮಾಡಿ, ಮೊತ್ತ ಸಣ್ಣದಾದರೂ ವಜಾ ಸರಿಯೇ ಅಂದಿತು. ಕಂಡಕ್ಟರನ ಕೈಯಲ್ಲಿ ಜನರ ದುಡ್ಡಿರುತ್ತದೆ, ಆ ಮಾತಿಗೂ ತೂಕವಿದೆ. ಆದರೆ ಮಾಲೀಕನಿಗೆ ಇದರಿಂದ ಸಿಕ್ಕ ಪಾಠ ಬೇರೆ: ಯಾರನ್ನಾದರೂ ಬೇರು ಸಮೇತ ಕೀಳಬೇಕಾದರೆ ಕಳ್ಳ ಅನ್ನು. ನಮ್ಮ ಜನರ ಮೇಲೆ ಆ ಹೆಸರು ಬೇಗ ಅಂಟುತ್ತದೆ ಅಂತ ಬೇರೆ ಅವರಿಗೆ ಗೊತ್ತು. ಅದಕ್ಕೊಂದು ಸಾಕ್ಷಿ ಬೇಕು, ಆ ಸಾಕ್ಷಿ ನಮ್ಮ ಜಾತಿಯದೇ ಆದರೆ ಇನ್ನೂ ಒಳ್ಳೆಯದು.

ಇಲ್ಲಿ ಕೋಲಾರದ ಚಿನ್ನದ ಗಣಿಯ ಒಂದು ಮೊಕದ್ದಮೆ ಹೇಳದೆ ಮುಂದೆ ಹೋಗಲಾರೆವು. ಕೆ.ಜಿ.ಎಫ್. ನಮ್ಮವರ ಊರು. ತಮಿಳು ಸೀಮೆಯಿಂದ ಬಂದ ನಮ್ಮ ಜನ ಭೂಮಿಯ ಹೊಟ್ಟೆಗೆ ಇಳಿದು ಕಟ್ಟಿದ ಊರು. ಮೇಲೆ ಬರುವಾಗ ಅವರ ಮೈ ತಡವಿ ನೋಡುತ್ತಿದ್ದರು. ಬೆರಳಚ್ಚು ತೆಗೆಯುವ ಪದ್ಧತಿಯ ವಿರುದ್ಧ ಅಲ್ಲಿನ ಕೆಲಸಗಾರರು 1930ರಲ್ಲೇ ಮುಷ್ಕರ ಹೂಡಿದ್ದರು. ಅಲ್ಲಿ ಕಳ್ಳತನದ ಗುಮಾನಿ ಪಾಳಿಯ ಸೈರನ್ನಿನ ಹಾಗೆ ದಿನನಿತ್ಯದ್ದು.

ಆ ಗಣಿಯ ಸರಕಾರಿ ಕಂಪನಿ ಭಾರತ್ ಗೋಲ್ಡ್ ಮೈನ್ಸಿನಲ್ಲಿ ಒಬ್ಬ ಭದ್ರತಾ ಅಧಿಕಾರಿ ಇದ್ದ. ಗಣಿಯಾಳಲ್ಲ, ಕಾವಲಿನ ಅಧಿಕಾರಿ. 1985ರ ಜೂನ್ 2ರಂದು ಪೊಲೀಸರು ಅವನ ಮನೆ ಶೋಧಿಸಿ, ನಾಲ್ಕೂವರೆ ಗ್ರಾಂ ತೂಕದ ಒಂದು ಚಿನ್ನದ ಗುಂಡು, 1276 ಗ್ರಾಂ ಚಿನ್ನದ ಅಂಶವಿರುವ ಮರಳು ಸಿಕ್ಕಿತು ಅಂದರು. ಮಾರನೇ ದಿನ ಅಮಾನತು. ಅಮಾನತಾದವನಿಗೆ ಜೀವನಾಧಾರ ಭತ್ಯೆ ಅಂತ ಸಂಬಳದ ಒಂದು ಭಾಗ ಕೊಡಬೇಕು. ಅದನ್ನು ಕೊಡಲಿಲ್ಲ. ಕಂಪನಿಯ ವಿಚಾರಣೆ ಕೆ.ಜಿ.ಎಫ್.ನಲ್ಲಿ, ಅವನು ಕೇರಳದ ತನ್ನ ಊರಿನಲ್ಲಿ. ಬರಲು ಕಾಸಿಲ್ಲ ಅಂದ, ಮೈಗೆ ಹುಷಾರಿಲ್ಲ ಅಂದ. ಅವನಿಲ್ಲದೆಯೇ ವಿಚಾರಣೆ ಮುಗಿಸಿ 1986ರ ಜೂನ್‌ನಲ್ಲಿ ವಜಾ ಮಾಡಿದರು. 1987ರ ಫೆಬ್ರವರಿಯಲ್ಲಿ ಕ್ರಿಮಿನಲ್ ಕೋರ್ಟು, ಶೋಧನೆಯೂ ಸಾಬೀತಿಲ್ಲ ವಶವೂ ಸಾಬೀತಿಲ್ಲ ಅಂತ ಅವನನ್ನು ಬಿಡುಗಡೆ ಮಾಡಿತು. ಈಗಲಾದರೂ ಕೆಲಸ ಕೊಡಿ ಅಂದ. ಇಲ್ಲ ಅಂದರು. ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿ ಕೊಡಿ ಅಂದರು, ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. 1999ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಅವನನ್ನು ಕೂಡಲೇ ಕೆಲಸಕ್ಕೆ ತೆಗೆದುಕೊಳ್ಳಿ, ಅಮಾನತಿನ ದಿನದಿಂದ ಪೂರ್ತಿ ಸಂಬಳ ಭತ್ಯೆ ಮೂರು ತಿಂಗಳಲ್ಲಿ ಕೊಡಿ, ಮೊಕದ್ದಮೆಯ ಖರ್ಚು ಹದಿನೈದು ಸಾವಿರವೂ ಕೊಡಿ ಅಂತ ಆದೇಶ ಮಾಡಿತು. ಅದೇ ಪೊಲೀಸರು, ಅದೇ ಪಂಚರು, ಅದೇ ಸಂಗತಿ. ಕ್ರಿಮಿನಲ್ ಕೋರ್ಟು ನಂಬದ ಸಾಕ್ಷ್ಯದ ಮೇಲೆ ವಜಾ ನಿಲ್ಲುವುದಿಲ್ಲ ಅನ್ನುವುದು ಒಂದು ಕಾರಣ. ನಮಗೆ ದೊಡ್ಡದಾಗಿ ಕಂಡದ್ದು ಇನ್ನೊಂದು ಕಾರಣ: ಉಣ್ಣಲು ಕೊಡದೆ, ಬರಲು ಬಸ್ ಚಾರ್ಜಿಗೂ ಗತಿಯಿಲ್ಲದ ಹಾಗೆ ಮಾಡಿ, ಅವನಿಲ್ಲದ ವಿಚಾರಣೆ ಮಾಡಿದ್ದೇ ಅನ್ಯಾಯ, ಅದು ಬದುಕುವ ಹಕ್ಕಿಗೇ ವಿರುದ್ಧ ಅಂತ ನ್ಯಾಯಾಲಯ ಹೇಳಿದ್ದು.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ ಗೆಳೆಯರೆ. ಕೆಲಸಗಾರನನ್ನು ಸೋಲಿಸುವುದು ವಾದದಿಂದಲ್ಲ, ಹಸಿವಿನಿಂದ. ಆದೇಶ ಬರುವ ತನಕ ಅವನು ಬದುಕಿರಬೇಕಲ್ಲ? ಆ ಅಧಿಕಾರಿಗೆ ಹದಿನಾಲ್ಕು ವರ್ಷ ಬೇಕಾಯಿತು. ಆದೇಶವಾಗಿ ಎರಡು ವರ್ಷ ತುಂಬುವುದರೊಳಗೆ, 2001ರ ಫೆಬ್ರವರಿ 28ರಂದು, ಗಣಿಯನ್ನೇ ಮುಚ್ಚಿದರು. ವಾಪಸು ಸೇರಿಸಿಕೊಳ್ಳಿ ಅನ್ನುವುದಕ್ಕೂ ಒಂದು ಬಾಗಿಲು ಇರಬೇಕು.

ಅವ್ವ ಈ ಏಳು ವರ್ಷ ಹೇಗೆ ಬದುಕಿದಳು? ಅವರೆಕಾಯಿ ಬಿಡಿಸಲು ಹೋದಳು. ಮದುವೆ ಮನೆಗಳಲ್ಲಿ ಪಾತ್ರೆ ತೊಳೆದಳು. ಕಳ್ಳಿ ಅನ್ನುವ ಹೆಸರಿದ್ದವಳನ್ನು ಅಡುಗೆಗೆ ಯಾರೂ ಕರೆಯಲಿಲ್ಲ. ಮಗಳ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ಆ ಹುಡುಗಿ ಈಗ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಅವಳನ್ನು ಯಾವ ಕೋರ್ಟು ವಾಪಸು ಕಾಲೇಜಿಗೆ ಸೇರಿಸುತ್ತದೆ?

ಸಾಕ್ಷಿ ಹೇಳುವ ಸರದಿ ನಮಗೆ ಬಂದದ್ದು 2019ರಲ್ಲಿ. ಆಗ ನಾವು ಬಿ.ಎ. ಕೊನೇ ವರ್ಷದಲ್ಲಿದ್ದೆವು. ನಾಲ್ವರಲ್ಲಿ ಮೂವರು ಹೋದೆವು. ಓದಿ ಸಹಿ ಹಾಕಿದವನು ಬಂದ. ಓದದೆ ಹಾಕಿದ ಒಬ್ಬ ಬರಲಿಲ್ಲ. ಅವನಿಗೆ ಸಂಸ್ಥೆಯ ಶಾಲೆಯಲ್ಲೇ ಗುಮಾಸ್ತೆ ಕೆಲಸ ಕೊಟ್ಟಿದ್ದರು. ಅವನನ್ನು ದೂಷಿಸಲು ನಮಗೆ ಬಾಯಿಲ್ಲ. ಪಾಟೀ ಸವಾಲಿನಲ್ಲಿ ಅವರ ವಕೀಲರು ಕೇಳಿದರು: ‘ಅಂದು ಸುಳ್ಳು ಬರೆದುಕೊಟ್ಟಿರಿ ಅನ್ನುತ್ತೀರಿ. ಹಾಗಾದರೆ ಇಂದು ಹೇಳುವುದು ಸುಳ್ಳಲ್ಲ ಅಂತ ಹೇಗೆ ನಂಬುವುದು?’ ಒಳ್ಳೇ ಪ್ರಶ್ನೆ. ನಮ್ಮಲ್ಲಿ ಓದಿದ್ದವನು, ‘ಅವತ್ತು ನನ್ನ ಸ್ಕಾಲರ್‌ಶಿಪ್ ಅರ್ಜಿ ಮೇಜಿನ ಮೇಲಿತ್ತು ಸಾರ್. ಇವತ್ತು ಏನೂ ಇಲ್ಲ’ ಅಂದ. ನ್ಯಾಯಾಧೀಶರು ತಲೆ ಎತ್ತಿ ಒಂದು ಸಲ ನೋಡಿ ಬರೆದುಕೊಂಡರು. ಅವನ ಅಪ್ಪನನ್ನು ಅದೇ ವಾರ ತೋಟದ ಕೆಲಸದಿಂದ ಬಿಡಿಸಿದರು. ತೋಟದಾಳಿಗೆ ಯಾರೂ ಅರ್ಜಿ ಹಾಕಲಿಲ್ಲ.

2020ರಲ್ಲಿ ತೀರ್ಪು: ವಜಾ ರದ್ದು, ಹಳೇ ಕೆಲಸಕ್ಕೆ ಮರುನೇಮಕ, ಸೇವೆ ಮುರಿದಿಲ್ಲ ಅಂತಲೇ ಲೆಕ್ಕ, ಅರ್ಧ ಹಿಂಬಾಕಿ ಸಂಬಳ. ನಾವು ಕೇರಿಯಲ್ಲಿ ಕೋಸಂಬರಿ ಪಾನಕ ಹಂಚಿದೆವು. ಎರಡು ತಿಂಗಳಲ್ಲಿ ಸಂಸ್ಥೆ ಹೈಕೋರ್ಟಿಗೆ ಹೋಗಿ ಸ್ಟೇ ತಂದಿತು. ಪಾನಕ ಹಂಚಿದವರು ತೆಪ್ಪಗಾದೆವು.

ಇಂಥ ಹೊತ್ತಿಗೆ ಅಂತಲೇ 17ಬಿ ಅನ್ನುವ ಕಲಮು ಇತ್ತು. 1984ರಲ್ಲಿ ಜಾರಿಗೆ ಬಂದದ್ದು. ಮರುನೇಮಕದ ತೀರ್ಪಿನ ಮೇಲೆ ಮಾಲೀಕ ಮೇಲಿನ ಕೋರ್ಟಿಗೆ ಹೋದರೆ, ಅದು ಮುಗಿಯುವ ತನಕ ಕೊನೆಗೆ ಪಡೆದ ಸಂಬಳವನ್ನು ತಿಂಗಳು ತಿಂಗಳು ಕೊಡಬೇಕು. ಆದರೆ ಬೇರೆಲ್ಲೂ ನೌಕರಿಯಲ್ಲಿಲ್ಲ ಅಂತ ಕೆಲಸಗಾರ ಪ್ರಮಾಣಪತ್ರ ಹಾಕಬೇಕು. ಅವ್ವ ಹೆದರಿದಳು. ‘ಅವರೆಕಾಯಿ ಬಿಡ್ಸಕ್ಕೆ ಹೋಗಿದ್ದೀನಲ್ಲ, ಸುಳ್ಳಾಗಲ್ವಾ?’ ಅಂದಳು. ಕಳ್ಳಿ ಅನ್ನಿಸಿಕೊಂಡವಳ ಸತ್ಯದ ಭಯ ನೋಡಿ! ಹೊಟ್ಟೆಗಾಗಿ ಮಾಡುವ ಕೂಲಿ ನೌಕರಿಯಲ್ಲ ಅಂತ ವಕೀಲರು ವಾದಿಸಿದರು, ಹೈಕೋರ್ಟು ಒಪ್ಪಿತು. ತಿಂಗಳಿಗೆ ಆರು ಸಾವಿರ ಬರತೊಡಗಿತು. ಅದೂ ಎರಡು ಸಲ ನೋಟೀಸು ಹೋದ ಮೇಲೆ.

2023ರಲ್ಲಿ ಹೈಕೋರ್ಟು ಮರುನೇಮಕ ಎತ್ತಿಹಿಡಿಯಿತು, ಹಿಂಬಾಕಿಯನ್ನು ಅರ್ಧದಿಂದ ಕಾಲು ಭಾಗಕ್ಕೆ ಇಳಿಸಿತು. ಇದು ನಮಗೆ ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ. ವಜಾ ತಪ್ಪು ಅಂತಾದರೆ ಪೂರ್ತಿ ಸಂಬಳವೇ ಸಾಮಾನ್ಯ ನಿಯಮ ಅಂತ ಹಿಂದೂಸ್ತಾನ್ ಟಿನ್ ವರ್ಕ್ಸ್ ಮೊಕದ್ದಮೆಯಲ್ಲಿ 1978ರಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು. 2013ರಲ್ಲಿ ಮಹಾರಾಷ್ಟ್ರದ ಒಬ್ಬ ಶಿಕ್ಷಕಿಯ ಮೊಕದ್ದಮೆಯಲ್ಲಿ ಅದನ್ನೇ ಇನ್ನೂ ಬಿಡಿಸಿ ಹೇಳಿತು: ನನಗೆ ಬೇರೆ ಸಂಪಾದನೆಯಿರಲಿಲ್ಲ ಅಂತ ಕೆಲಸಗಾರ ಹೇಳಿದರೆ, ಇತ್ತು ಅಂತ ತೋರಿಸಬೇಕಾದವನು ಮಾಲೀಕ. ಆದರೂ ಕೆಳಗೆ ಬರುತ್ತಾ ಬರುತ್ತಾ ಅರ್ಧ, ಕಾಲು. ಅವಳ ಹಸಿವಿಗೆ ಅವರಿಗೆ ಮುಕ್ಕಾಲು ರಿಯಾಯಿತಿ ಸಿಕ್ಕಿತು.

ಇದೂ ಅದೃಷ್ಟವೇ ಅನ್ನಬೇಕು. ಸರಕಾರಿ ಹಾಸ್ಟೆಲಿನ ದಿನಗೂಲಿಯಾಗಿದ್ದರೆ ನಮ್ಮ ರಾಜ್ಯದಿಂದಲೇ ಹೋದ ಉಮಾದೇವಿ ಮೊಕದ್ದಮೆಯ 2006ರ ತೀರ್ಪನ್ನು ಮುಂದೆ ಹಿಡಿಯುತ್ತಿದ್ದರು. ಅದು ಖಾಯಂ ಮಾಡುವ ಪ್ರಶ್ನೆಯ ತೀರ್ಪು. ಆದರೆ ಅದಾದ ಮೇಲೆ ದಿನಗೂಲಿಯವರನ್ನು ತಪ್ಪಾಗಿ ತೆಗೆದಿದ್ದರೂ ಕೆಲಸದ ಬದಲು ಇಷ್ಟು ದುಡ್ಡು ಅಂತ ಕೊಟ್ಟು ಕಳಿಸುವುದು ಹೆಚ್ಚಾಯಿತು. ಗುತ್ತಿಗೆಯ ಪೌರಕಾರ್ಮಿಕನಾಗಿದ್ದರಂತೂ, ನಿನ್ನ ಮಾಲೀಕ ಯಾರು ಅನ್ನುವುದರಲ್ಲೇ ಹತ್ತು ವರ್ಷ.

ಈಗ ಆ 1947ರ ಕಾಯಿದೆಯೂ ಹೋಯಿತು. 2020ರಲ್ಲಿ ಮಾಡಿದ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ವಜಾ ರದ್ದು ಮಾಡಿ ಮರುನೇಮಕ ಕೊಡಿಸುವ ಅಧಿಕಾರ ಅದರಲ್ಲೂ ಇದೆ, ನ್ಯಾಯಮಂಡಳಿಗೆ. ಆದರೆ ನೇರವಾಗಿ ಹೋಗಲು ಕೇಂದ್ರದ ಕಾಯಿದೆಯಲ್ಲಿ ಮೂರು ವರ್ಷ ಇದ್ದ ಗಡುವು ಎರಡು ವರ್ಷಕ್ಕೆ ಇಳಿದಿದೆ. ಧರ್ಮಾರ್ಥ, ಸಮಾಜಸೇವೆಯ ಸಂಸ್ಥೆಗಳನ್ನು ‘ಉದ್ಯಮ’ದ ಅರ್ಥದಿಂದ ಹೊರಗಿಟ್ಟಿದ್ದಾರೆ. ನಮ್ಮ ಅವ್ವನ ಸಂಸ್ಥೆಯವರು ಕೊಟ್ಟ ಆ ಮೂರನೇ ಉತ್ತರ ಇತ್ತಲ್ಲ, ‘ನಮ್ಮದು ಸೇವೆ’ ಅಂತ, ಅದಕ್ಕೆ ಈಗ ಕಾನೂನಿನಲ್ಲೇ ಒಂದು ಜಾಗ ಸಿಕ್ಕಿದೆ. ನಾಳೆ ಇನ್ನೊಬ್ಬ ಅವ್ವನನ್ನು ತೆಗೆದರೆ ಮೊದಲ ಜಗಳ ಅಲ್ಲಿಂದಲೇ ಶುರು.

ಅದಕ್ಕೇ ಕೇಳುತ್ತೇವೆ: ನಿಮ್ಮ ಹಾಸ್ಟೆಲಿನ ಅಡುಗೆಯವರಿಗೆ, ಕಸ ಗುಡಿಸುವವರಿಗೆ ನೇಮಕದ ಕಾಗದ ಇದೆಯಾ, ಕೇಳಿ ನೋಡಿ. ಇಲ್ಲದಿದ್ದರೆ ಅವರು ಸೇರಿದ ದಿನ, ಕೈಗೆ ಬಂದ ಸಂಬಳ, ಯಾರು ಕೊಟ್ಟರು ಅನ್ನುವುದನ್ನು ಒಂದು ನೋಟುಬುಕ್ಕಿನಲ್ಲಿ ಬರೆದು ಅವರ ಕೈಗೇ ಕೊಡಿ. ತರಕಾರಿ ಚೀಟಿ, ಹಾಲಿನ ಚೀಟಿ ಒಲೆಗೆ ಹಾಕಬೇಡಿ ಅಂತ ಹೇಳಿ. ತೆಗೆದರೆ ಆ ತಾರೀಖು ಬರೆದಿಡಿ. ವಾಯಿದೆಯ ದಿನ ಒಬ್ಬರಾದರೂ ಜೊತೆಗೆ ಹೋಗಿ, ಬಸ್ ಚಾರ್ಜು ಕೊಡಿ, ಒಂದು ಸೇರು ಅಕ್ಕಿ ಕೊಡಿ. ಇದೆಲ್ಲ ಭಾಷಣಕ್ಕಿಂತ ಕಡಿಮೆ ಖರ್ಚಿನದು.

ಇನ್ನು ಅವ್ವ ವಾಪಸು ಹೋದ ದಿನದ್ದು ಹೇಳಿ ಮುಗಿಸುತ್ತೇವೆ. 2023ರ ಅಕ್ಟೋಬರಿನಲ್ಲಿ ಆದೇಶದ ಪ್ರತಿ ಹಿಡಿದು ಹೋದಳು. ಸೇರಿಸಿಕೊಂಡರು, ಕೈಗೆ ಪೊರಕೆ ಕೊಟ್ಟು ಗೇಟಿನ ಹತ್ತಿರ ಕೂರಿಸಿದರು. ಹಳೇ ಕೆಲಸಕ್ಕೆ ಅಂದರೆ ಹಳೇ ಕೆಲಸಕ್ಕೇ ಅಂತ ವಕೀಲರ ಎರಡು ಪತ್ರ ಹೋಗಿ, ಇಪ್ಪತ್ತೆರಡು ದಿನ ಗೇಟಿನಲ್ಲಿ ಕೂತ ಮೇಲೆ ಅಡುಗೆಮನೆಗೆ ಬಿಟ್ಟರು. ಅವತ್ತು ಹೊಸದಾಗಿ ಒಂದು ಹಾಜರಿ ಕಾಗದಕ್ಕೆ ಸಹಿ ಕೇಳಿದರು. ಅವಳು ಹಾಕಲಿಲ್ಲ. ಹೊರಗೆ ನಿಂತಿದ್ದ ನಮ್ಮನ್ನು ಕರೆದು, ‘ಓದ್ರಪ್ಪ’ ಅಂದಳು. ಓದಿದೆವು. ‘ಇನ್ನೊಂದ್ ಸಲ ಓದು’ ಅಂದಳು. ಇನ್ನೊಂದು ಸಲ ಓದಿದೆವು. ಆಮೇಲೆ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು.

ಮಧ್ಯಾಹ್ನ ಹುಡುಗರ ಜೊತೆ ನಾವೂ ಉಂಡೆವು. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ನೂರ ನಲವತ್ತು ಜನದ ಅಂದಾಜು ಏಳು ವರ್ಷದಲ್ಲಿ ಕೈಬಿಟ್ಟು ಹೋಗಿತ್ತು. ಹುಡುಗರು ಯಾರೂ ಏನೂ ಅನ್ನಲಿಲ್ಲ. ಅವಳೇ ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡಿ, ‘ಥೂ, ಯಾರೂ ಹೇಳ್ಲಿಲ್ವಲ್ರೋ’ ಅಂದು, ಒಂದು ಚೊಂಬು ಬಿಸಿನೀರು ತರಲು ಒಳಗೆ ಹೋದಳು.